ಮರದಡಿಯಿಂದ ರಿಂಗಿನವರೆಗೆ: ಬೆಂಗಳೂರಿನ ಗಿಡಮರ ನೋಡಿ ಎಂಬ್ರಾಯ್ಡರಿ ವಿನ್ಯಾಸ ಮಾಡುವ ಕ್ರಮ

ಲಾಲ್‌ಬಾಗಿಗೆ ಹೋಗಿ ರಾಶಿ ಫೋಟೊ ತೆಗೆದು, ಬರುವಾಗ ಅವೆನ್ಯೂ ರಸ್ತೆಯಲ್ಲಿ ಇಳಿದು ಕಣ್ಣಿಗೆ ಬಿದ್ದ ಬಣ್ಣದ ದಾರವೆಲ್ಲ ಕೊಂಡು, ಮನೆಗೆ ಬಂದು ಬಟ್ಟೆಯನ್ನು ರಿಂಗಿಗೆ (ಬಟ್ಟೆ ಬಿಗಿದು ಹಿಡಿಯುವ ದುಂಡು ಚೌಕಟ್ಟಿಗೆ) ಹಾಕಿದ ಮೇಲೆ "ಈಗ ಏನು ಹೊಲಿಯೋದು?" ಎಂದು ಕೂರುವವರು ಬಹಳ ಮಂದಿ. ಇನ್ನು ಕೆಲವರು ಫೋಟೊದ ಪ್ರಿಂಟ್ ತೆಗೆದು ಕಾರ್ಬನ್ ಹಾಕಿ ಹಾಗೇ ಬಟ್ಟೆಗೆ ಇಳಿಸುತ್ತಾರೆ. ಅರ್ಧ ಹೊಲಿಯುವಷ್ಟರಲ್ಲಿ ಅದು ಯಾವ ಹೂವು ಎಂದು ಮನೆಯವರೇ ಕೇಳುವ ಹಾಗಾಗಿರುತ್ತದೆ. ಹೊಲಿಗೆ ಬಾರದ್ದಕ್ಕೆ ಹೀಗಾಗುವುದು ಅಪರೂಪ. ಕೆಲಸದ ಕ್ರಮ ತಲೆಕೆಳಗಾಗಿರುವುದೇ ಹೆಚ್ಚು.

ಮರದಲ್ಲಿರುವುದನ್ನೆಲ್ಲ ಬಟ್ಟೆ ಹಿಡಿಯುವುದಿಲ್ಲ. ಮರದ ಒಂದು ಗುಣವನ್ನು ಆರಿಸಿ ಅದನ್ನು ಮಾತ್ರ ತರಬೇಕು, ಮಿಕ್ಕಿದ್ದನ್ನು ಬಿಡಬೇಕು. ಕೆಳಗಿನ ಹಂತಗಳೆಲ್ಲ ಇರುವುದು ಅದಕ್ಕೇ. ಹಂತ ಹಾರಿಸಬೇಡಿ. ಅದರಲ್ಲೂ ದಾರದ ಅಂಗಡಿಗೆ ಆರನೇ ಹಂತಕ್ಕೆ ಮೊದಲು ಕಾಲಿಡಬೇಡಿ.

ಬೇಕಾಗುವ ಸಾಮಾನು

ಹೊರಗೆ ಹೋಗುವಾಗ: ಗೆರೆಯಿಲ್ಲದ ನೋಟ್‌ಬುಕ್, 2ಬಿ ಪೆನ್ಸಿಲ್, ಒಂದು ದಪ್ಪ ಹಳೆಯ ಪುಸ್ತಕ, ಮುಚ್ಚಳವಿರುವ ಡಬ್ಬಿ, ಒದ್ದೆ ಮಾಡಿದ ಕರ್ಚೀಫು. ರಬ್ಬರ್ ಮನೆಯಲ್ಲೇ ಇರಲಿ. ಅಳಿಸುತ್ತ ಕೂತರೆ ನೋಡುವ ಕೆಲಸ ನಿಂತುಹೋಗುತ್ತದೆ. ಇದರ ಜೊತೆಗೆ ಒಂದು "ಕಿಟಕಿ" ಮಾಡಿಕೊಳ್ಳಿ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾರ್ಡಿನ ನಡುವೆ 4 ಸೆಂ.ಮೀ. ಚೌಕ ಕತ್ತರಿಸಿದರೆ ಸಾಕು. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ವಸ್ತು ಇದೇ.

ಮನೆಯಲ್ಲಿ: ಬಟರ್ ಪೇಪರ್, ಗ್ರಾಫ್ ಹಾಳೆ, 5 ಅಥವಾ 6 ಇಂಚಿನ ರಿಂಗ್, ಒಗೆದು ಒಣಗಿಸಿದ ಹತ್ತಿ ಬಟ್ಟೆ, ಅದೇ ಬಟ್ಟೆಯ ಒಂದು ತುಂಡು, 7ರಿಂದ 9ನೇ ನಂಬರಿನ ಎಂಬ್ರಾಯ್ಡರಿ ಸೂಜಿ, ಮೊನಚಾದ ಸಣ್ಣ ಕತ್ತರಿ. ಬಟ್ಟೆ ಒಗೆದಿರಲೇಬೇಕು. ಗಂಜಿ ಹೋಗದ ಹೊಸ ಬಟ್ಟೆಯ ಮೇಲೆ ಹೊಲಿದರೆ ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ ಹೂವಿನ ಸುತ್ತ ನೆರಿಗೆ ಬೀಳುತ್ತದೆ.

ಹಂತ 1: ಯಾವುದಕ್ಕೆ ಹೊಲಿಯುತ್ತೀರಿ ಎಂದು ಮೊದಲು ತೀರ್ಮಾನಿಸಿ

ಬ್ಲೌಸಿನ ತೋಳಿನ ಅಂಚೋ, ಕುರ್ತಾದ ಕತ್ತೋ, ದಿಂಬಿನ ಕವರೋ, ಗೋಡೆಗೆ ತೂಗುಹಾಕುವ ರಿಂಗೋ? ಇದು ಗೊತ್ತಿದ್ದರೆ ಪಾರ್ಕಿನಲ್ಲಿ ಕಣ್ಣು ತಾನಾಗಿ ಸರಿಯಾದ ಕಡೆ ಹೋಗುತ್ತದೆ. ತೋಳಿನ ಅಂಚಿಗೆ ಸಾಲಾಗಿ ಮರುಕಳಿಸುವಂಥದ್ದು ಬೇಕು, ಬಳ್ಳಿಯೋ ಜೋಡಿ ಎಲೆಗಳ ಕಡ್ಡಿಯೋ. ರಿಂಗಿಗಾದರೆ ದುಂಡಗೆ ಕೂರುವಂಥದ್ದು. ದಿನಾ ಉಟ್ಟು ಒಗೆಯುವ ಬಟ್ಟೆಯಾದರೆ ಉದ್ದುದ್ದ ಹೊಲಿಗೆ ಬೇಡುವ ದೊಡ್ಡ ಎಸಳುಗಳನ್ನು ಈಗಲೇ ಕೈಬಿಡಿ. ಬಳೆಗೆ, ಬ್ಯಾಗಿನ ಜಿಪ್ಪಿಗೆ ಸಿಕ್ಕಿ ದಾರ ಎದ್ದುಬರುತ್ತದೆ.

ಹೊಲಿಯುವ ಜಾಗದ ಅಳತೆ ತೆಗೆದು, ಆ ಚೌಕ ಅಥವಾ ವೃತ್ತವನ್ನು ನಿಜವಾದ ಅಳತೆಯಲ್ಲೇ ನೋಟ್‌ಬುಕ್ಕಿನ ಎರಡು ಮೂರು ಪುಟಗಳಲ್ಲಿ ಬರೆದಿಟ್ಟುಕೊಳ್ಳಿ. ಚಿತ್ರ ಬರೆಯುವುದೆಲ್ಲ ಅದರೊಳಗೇ.

ಹಂತ 2: ತಿಂಗಳು ನೋಡಿ ಜಾಗ ಆರಿಸಿ

ಈ ಊರಿನಲ್ಲಿ ಹೂವಿಗೆ ಬರವಿಲ್ಲ. ಆದರೆ ಯಾವ ತಿಂಗಳಲ್ಲಿ ಏನು ಸಿಗುತ್ತದೆ ಎಂಬ ಅಂದಾಜಿಲ್ಲದೆ ಹೊರಟರೆ ಬರಿಗೈಯಲ್ಲಿ ಬರಬೇಕಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಗುಲಾಬಿ ಟಬೆಬುಯಾ, ಅದರ ಹಿಂದೆಯೇ ಹಳದಿ ಟಬೆಬುಯಾ, ಜಕರಂದಾ. ಊರಾಚೆ ಹೋದರೆ ಮುತ್ತುಗ. ಏಪ್ರಿಲ್, ಮೇ ತಿಂಗಳಲ್ಲಿ ಗುಲ್‌ಮೊಹರ್, ಕಕ್ಕೆ, ಹೊಳೆದಾಸವಾಳ, ಹೊಂಗೆ. ಮಳೆಗಾಲದಲ್ಲಿ ಹೂವಿನ ಆಸೆ ಬಿಟ್ಟು ಕಾಂಪೌಂಡ್ ಗೋಡೆಯ ಪಾಚಿ, ಜರಿಗಿಡ, ಬಸವನಹುಳು ನೋಡಿ. ಮಳೆ ಹಿಂದೆ ಸರಿಯುವ ಹೊತ್ತಿಗೆ ಜೇಡರ ಬಲೆ, ಹುಲ್ಲಿನ ತೆನೆ, ಆಕಾಶಮಲ್ಲಿಗೆ.

ಕಬ್ಬನ್ ಪಾರ್ಕಿನಲ್ಲಿ ಹರಡಿಕೊಂಡ ಮಳೆಮರಗಳ ಕೊಂಬೆ ಮತ್ತು ಬಿದಿರು ಮೆಳೆ ಗೆರೆಗಳ ಅಭ್ಯಾಸಕ್ಕೆ ಒಳ್ಳೆಯವು. ಲಾಲ್‌ಬಾಗಿನಲ್ಲಿ ನಾಗಲಿಂಗ ಪುಷ್ಪ ಕಾಂಡದ ಮೇಲೇ ಅರಳುವುದರಿಂದ ಕಣ್ಣಿನ ಎತ್ತರದಲ್ಲಿ ಸಿಗುತ್ತದೆ, ಕತ್ತು ಎತ್ತಬೇಕಿಲ್ಲ. ನೀರುಹಕ್ಕಿ, ಜೊಂಡು, ನೆರಳು ಬೇಕಾದರೆ ಹೆಬ್ಬಾಳ, ಜಕ್ಕೂರು ಕೆರೆಗಳ ಏರಿ. ಇಷ್ಟೆಲ್ಲ ಹೇಳಿದರೂ ಮೊದಲ ಕೆಲಸಕ್ಕೆ ನಿಮ್ಮ ರಸ್ತೆಯ ಹೊಂಗೆಮರಕ್ಕಿಂತ ಅನುಕೂಲವಾದದ್ದು ಯಾವುದೂ ಇಲ್ಲ. ಸಂದೇಹ ಬಂದಾಗ ಚಪ್ಪಲಿ ಮೆಟ್ಟಿ ಹೋಗಿ ಮತ್ತೆ ನೋಡಿ ಬರಬಹುದು.

ಬೆಳಗ್ಗೆ 7ರಿಂದ 9, ಇಲ್ಲವೇ ಸಂಜೆ 4ರ ನಂತರ ಹೋಗಿ. ನಡುಮಧ್ಯಾಹ್ನದ ಬಿಸಿಲಿಗೆ ಎಲೆಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿದಂತೆ ಕಾಣುತ್ತವೆ. ಜನವರಿ ಮತ್ತು ಆಗಸ್ಟಿನ ಫ್ಲವರ್ ಶೋ ದಿನಗಳಲ್ಲಿ ಲಾಲ್‌ಬಾಗ್ ಈ ಕೆಲಸಕ್ಕೆ ಲಾಯಕ್ಕಲ್ಲ. ನಿಂತು ನೋಡಲು ಹಿಂದಿನವರು ಬಿಡುವುದಿಲ್ಲ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡರಲ್ಲೂ ಹೂವು, ಎಲೆ ಕೀಳುವಂತಿಲ್ಲ. ಕೀಳುವ ಅಗತ್ಯವೂ ಇಲ್ಲ. ನೆಲಕ್ಕೆ ಬಿದ್ದದ್ದೇ ಬೇಕಾದಷ್ಟಿರುತ್ತದೆ.

ಹಂತ 3: ಒಂದು ಗುಣ ಹುಡುಕಿ

ಹೆಚ್ಚಿನವರು ಸೋಲುವುದು ಇಲ್ಲಿ. ನಿಧಾನ ಮಾಡಿ.

ಕಿಟಕಿ ಕಾರ್ಡನ್ನು ಒಂದು ಕೈಯಳತೆ ದೂರದಲ್ಲಿ ಹಿಡಿದು ಮರದ ಮೇಲೆ ಆಡಿಸಿ. ಚೌಕದೊಳಗೆ ಕಾಣುವುದು ಬಿಟ್ಟು ಬೇರೇನೂ ಇಲ್ಲವೆಂದುಕೊಳ್ಳಿ. ಕಣ್ಣು ಎಲ್ಲಿ ತಡೆಯುತ್ತದೋ ಅಲ್ಲಿ ನಿಲ್ಲಿಸಿ, ಹತ್ತಿರ ಹೋಗಿ. ಆಮೇಲೆ ಐದು ವಾಕ್ಯ ಬರೆಯಿರಿ. ಅದು ಏನು ಎಂದು ಬರೆಯಬೇಡಿ, ಏನು ಮಾಡುತ್ತಿದೆ ಎಂದು ಬರೆಯಿರಿ. "ಎಸಳುಗಳು ಒಂದರ ಮೇಲೊಂದು ಒರಗಿವೆ." "ಎಲೆಗಳು ಜೋಡಿ ಜೋಡಿಯಾಗಿ ಹೊರಟು ಕೊನೆಗೆ ಒಂಟಿ ಎಲೆಯಲ್ಲಿ ನಿಲ್ಲುತ್ತವೆ." "ತೊಗಟೆಯ ಬಿರುಕು ಮೇಲಿಂದ ಕೆಳಗೆ ಓಡಿ ನಡುವೆ ಕವಲಾಗುತ್ತದೆ." ನಿಮ್ಮ ವಾಕ್ಯದಲ್ಲಿ "ಚೆನ್ನಾಗಿದೆ", "ಸೊಗಸಾಗಿದೆ" ಎಂದು ಬಂದರೆ ಇನ್ನೂ ನೋಡಿಲ್ಲ ಎಂದರ್ಥ. ಅದನ್ನು ಹೊಡೆದುಹಾಕಿ ಬೇರೆ ಬರೆಯಿರಿ.

ಗಮನಿಸಿ ನೋಡಿದರೆ ಏನು ಸಿಗುತ್ತದೆ ಎನ್ನುವುದಕ್ಕೆ ಕೆಲವು ಉದಾಹರಣೆ.

ಗುಲ್‌ಮೊಹರಿಗೆ ಐದು ಎಸಳು. ಎಲ್ಲರೂ ಐದನ್ನೂ ಕೆಂಪಗೆ ಒಂದೇ ಥರ ಹೊಲಿಯುತ್ತಾರೆ. ಬಿದ್ದ ಹೂವೊಂದನ್ನು ಕೈಗೆ ತೆಗೆದುಕೊಂಡು ನೋಡಿ: ನೆಟ್ಟಗೆ ನಿಂತ ಒಂದು ಎಸಳು ಮಾತ್ರ ಬೇರೆ. ಅದರ ಮೇಲೆ ಬಿಳಿ ಹಳದಿ ಛಾಯೆ, ಅದರೊಳಗೆ ಕೆಂಪು ಚುಕ್ಕಿ, ಗೀರು. ಆ ಒಂದೆಸಳನ್ನು ಸರಿಯಾಗಿ ಹೊಲಿದರೆ ಉಳಿದ ನಾಲ್ಕನ್ನು ಬರೀ ಗೆರೆಯಲ್ಲಿ ಬಿಟ್ಟರೂ ಜನ ಹೂವನ್ನು ಗುರುತು ಹಿಡಿಯುತ್ತಾರೆ.

ದಾಸವಾಳದ ಎಸಳಿಗೆ ಒಂದು ಶಿಸ್ತಿದೆ. ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಅತ್ತಲಿನದರ ಕೆಳಗೆ. ಸುತ್ತಲೂ ಒಂದೇ ದಿಕ್ಕು. ನಂದಿಬಟ್ಟಲು, ಪಾರಿಜಾತದಲ್ಲೂ ಇದೇ ತಿರುವು ಕಾಣುತ್ತದೆ. ಈ ತಿರುವು ತಪ್ಪಿದರೆ ಹೂವು ಸ್ಟಿಕರಿನ ಹಾಗೆ ಚಪ್ಪಟೆಯಾಗಿ ಕೂರುತ್ತದೆ.

ಮಳೆಮರದ ಹೂವಿಗೆ ಎಸಳೇ ಇಲ್ಲವೇನೋ ಅನಿಸುತ್ತದೆ. ಕಾಣುವುದು ಬುಡದಲ್ಲಿ ಬಿಳಿ, ತುದಿಯಲ್ಲಿ ಗುಲಾಬಿಯಾದ ಕೇಸರಗಳ ಗೊಂಚಲು. ಇಲ್ಲಿ ಗುಣ ಎಂದರೆ ಒಂದೇ ಬಿಂದುವಿನಿಂದ ಹೊರಗೆ ಚಿಮ್ಮುವ ಗೆರೆಗಳು. ಸೂಜಿ ಹಿಡಿಯಲು ಈಗಷ್ಟೇ ಕಲಿತವರೂ ಇದನ್ನು ಹೊಲಿಯಬಲ್ಲರು.

ಹೂವೇ ಆಗಬೇಕೆಂದಿಲ್ಲ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಹತ್ತಿರ ಕೂತು ನೋಡಿದರೆ ತಿಳಿ ಮತ್ತು ಗಾಢ ಪಟ್ಟೆಗಳು ಅಲೆಅಲೆಯಾಗಿ ಓಡಿರುವುದು ಕಾಣುತ್ತದೆ. ಬೂದಿ ಬಣ್ಣದ ಖಾದಿಯ ಮೇಲೆ ಮೂರು ಛಾಯೆಯ ರನ್ನಿಂಗ್ ಸ್ಟಿಚ್ಚಿನಲ್ಲಿ ಆ ಪಟ್ಟೆಗಳನ್ನು ಓಡಿಸಿದರೆ ದಿಂಬಿನ ಕವರಿಗೆ ಹೇಳಿ ಮಾಡಿಸಿದ ವಿನ್ಯಾಸ. ಇಷ್ಟು ಜನ ಆ ಬಂಡೆ ಹತ್ತಿ ಸೆಲ್ಫಿ ತೆಗೆದುಕೊಳ್ಳುತ್ತಾರೆ, ಕಾಲಡಿ ನೋಡುವವರು ಕಡಿಮೆ.

ಹಂತ 4: ಕಂಡದ್ದನ್ನು ಮನೆಗೆ ತನ್ನಿ

ಚಿತ್ರ ಬರೆಯಲು ಬರುವುದಿಲ್ಲ ಎನ್ನುವವರಿಗೆ ಮೂರು ದಾರಿಗಳಿವೆ.

ಮೊದಲನೆಯದು ನೆರಳು. ಬೆಳಗಿನ ಓರೆ ಬಿಸಿಲಲ್ಲಿ ನೋಟ್‌ಬುಕ್ಕಿನ ಬಿಳಿ ಹಾಳೆಯನ್ನು ಕೊಂಬೆಯ ನೆರಳಿಗೆ ಒಡ್ಡಿ, ನೆರಳಿನ ಅಂಚಿನ ಮೇಲೆ ಪೆನ್ಸಿಲ್ ಓಡಿಸಿ. ನೆರಳಿನಲ್ಲಿ ನರ, ಬಣ್ಣ, ಹೊಳಪು ಯಾವುದೂ ಇರುವುದಿಲ್ಲ, ಆಕಾರ ಮಾತ್ರ ಉಳಿಯುತ್ತದೆ. ಅರ್ಧ ಕೆಲಸ ಬಿಸಿಲೇ ಮಾಡಿಕೊಟ್ಟ ಹಾಗೆ. ಗಾಳಿಗೆ ನೆರಳು ಅಲ್ಲಾಡಿದರೆ ಎರಡು ಮೂರು ಗೆರೆ ಬೀಳಲಿ, ಆಮೇಲೆ ಒಂದನ್ನು ಆರಿಸಿದರಾಯಿತು.

ಎರಡನೆಯದು ಜೆರಾಕ್ಸ್. ಬಿದ್ದ ಎಲೆ ಅಥವಾ ಚಪ್ಪಟೆಯಾದ ಕಾಯಿಯನ್ನು ಒರೆಸಿ, ತೆಳುವಾದ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಮೆಷಿನ್ ಗಾಜಿನ ಮೇಲಿಡಲು ಅಂಗಡಿಯವರನ್ನು ಕೇಳಿ. ಒಂದು ಪ್ರತಿ ನಿಜವಾದ ಅಳತೆಯಲ್ಲಿ, ಒಂದು 150 ಪರ್ಸೆಂಟಿನಲ್ಲಿ, ಒಂದು 70ರಲ್ಲಿ ತೆಗೆಸಿ. ಅಂಗಡಿಯವರು ಒಮ್ಮೆ ಮುಖ ನೋಡುತ್ತಾರೆ, ಆದರೆ ಮಾಡಿಕೊಡುತ್ತಾರೆ.

ಮೂರನೆಯದು ಒತ್ತಿಡುವುದು. ಎಲೆ, ತೆಳು ಹೂವನ್ನು ಹಳೆಯ ಪುಸ್ತಕದ ಹಾಳೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿ. ವಾರದೊಳಗೆ ಒಣಗುತ್ತದೆ. ಬಣ್ಣ ಹೋಗುತ್ತದೆ, ಆಕಾರ ನಿಲ್ಲುತ್ತದೆ. ಹಾಗಾಗಿ ಒತ್ತುವ ಮೊದಲೇ ಬಣ್ಣಗಳ ಹೆಸರು ಪಕ್ಕದಲ್ಲಿ ಬರೆದಿಡಿ. ದಪ್ಪಗಿನ ನಾಗಲಿಂಗದಂಥ ಹೂವಿಗೆ ಈ ದಾರಿ ಬೇಡ, ಕೊಳೆತು ಪುಸ್ತಕ ಹಾಳಾಗುತ್ತದೆ.

ಫೋಟೊ ಬೇಡವೆಂದಲ್ಲ. ಒಂದು ದೂರದಿಂದ, ಒಂದು ಹತ್ತಿರದಿಂದ, ಒಂದು ಹಿಂಬದಿಯಿಂದ, ಅಷ್ಟು ಸಾಕು. ಹೂವಿನ ಹಿಂಬದಿಯನ್ನು ಯಾರೂ ತೆಗೆಯುವುದಿಲ್ಲ. ತೊಟ್ಟು ಹೇಗೆ ಕೂತಿದೆ ಎಂದು ಹೊಲಿಯುವಾಗ ಹುಡುಕಾಡುವುದು ಅದಕ್ಕೇ.

ಹಂತ 5: ಗೆರೆ ಕಡಿಮೆ ಮಾಡಿ

ಒಂದು ಹೊಂಗೆ ಎಲೆಯನ್ನೇ ಹಿಡಿದು ಪೂರ್ತಿ ನೋಡೋಣ.

ಹೊಂಗೆಯ ಒಂದು ಕಡ್ಡಿಯಲ್ಲಿ ಜೋಡಿ ಎಲೆಗಳು ಎದುರುಬದುರಾಗಿ ಇರುತ್ತವೆ, ತುದಿಯಲ್ಲಿ ಒಂದು ಒಂಟಿ ಎಲೆ. ಅಂಚು ನುಣುಪು, ತುದಿ ಸ್ವಲ್ಪ ಚೂಪು. ಎಳೆಯದಾದರೆ ಕೆಂಗಂದು ಛಾಯೆಯ ಹೊಳಪು, ಬಲಿತರೆ ಗಾಢ ಹಸಿರು. ಬಹಳ ಮರಗಳಲ್ಲಿ ಎಲೆಯ ಮೇಲೆ ಸಣ್ಣ ಸಣ್ಣ ಗುಬುಟುಗಳು ಎದ್ದಿರುತ್ತವೆ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ ಒಳಸೇರಿದಾಗ ಎಲೆ ಉಬ್ಬಿ ಹೀಗಾಗುತ್ತದೆ. ಸಾಮಾನ್ಯವಾಗಿ ನಾವು "ಚೆನ್ನಾಗಿರುವ" ಎಲೆ ಹುಡುಕುತ್ತ ಇದನ್ನು ಎಸೆಯುತ್ತೇವೆ. ಎಸೆಯಬೇಡಿ. ಗುಬುಟಿರುವ ಎಲೆ ಸೂಜಿಗೆ ಹೇಳಿದ ಎಲೆ. ಒಂದೊಂದು ಗುಬುಟೂ ಒಂದೊಂದು ಫ್ರೆಂಚ್ ನಾಟ್, ಅಂದರೆ ದಾರವನ್ನು ಸೂಜಿಗೆ ಸುತ್ತಿ ಹಾಕುವ ಪುಟ್ಟ ಗಂಟು.

ಮೊದಲ ಕರಡು: ಕಂಡದ್ದೆಲ್ಲ ಬರೆಯಿರಿ. ಏಳು ಎಲೆ, ಎಲ್ಲದರ ನಡುನರ, ಅಡ್ಡನರ, ಗುಬುಟು, ಹುಳು ತಿಂದ ತೂತು.

ಎರಡನೇ ಕರಡು: ಬಟರ್ ಪೇಪರ್ ಮೇಲಿಟ್ಟು ಅರ್ಧ ಗೆರೆ ಮಾತ್ರ ತೆಗೆದುಕೊಳ್ಳಿ. ಅಡ್ಡನರ ಹೋಯಿತು. ಏಳು ಎಲೆ ಐದಾಯಿತು. ತೂತು ಒಂದೇ ಉಳಿಯಿತು.

ಮೂರನೇ ಕರಡು: ಮೂರನೇ ಹಂತದಲ್ಲಿ ಬರೆದ ವಾಕ್ಯಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ಸಂಬಂಧಪಡದ ಗೆರೆಯೆಲ್ಲ ಬಿಡಿ. "ಗುಬುಟುಗಳು ನಡುನರದ ಹತ್ತಿರ ದಟ್ಟ, ಅಂಚಿಗೆ ಹೋದಂತೆ ವಿರಳ" ಎಂದು ಬರೆದಿದ್ದರೆ, ಐದು ಎಲೆಯ ಅಂಚು, ನಡುನರ, ಒಂದೇ ಎಲೆಯ ಮೇಲೆ ಚುಕ್ಕಿಗಳು. ಅಷ್ಟೆ. ಉಳಿದ ನಾಲ್ಕು ಎಲೆ ಖಾಲಿ ಇರಲಿ. ಎಲ್ಲ ಎಲೆಗೂ ಚುಕ್ಕಿ ಇಡುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಸರಿಯಾಗಿದೆಯೇ ಎಂದು ನೋಡಲು ಎರಡು ಪರೀಕ್ಷೆ. ಹಾಳೆಯನ್ನು ಗೋಡೆಗೆ ಅಂಟಿಸಿ ಆರೇಳು ಅಡಿ ದೂರ ನಿಂತು ನೋಡಿ, ಆಕಾರ ಗೊತ್ತಾಗಬೇಕು. ಆಮೇಲೆ ಸ್ಕೇಲ್ ಹಿಡಿದು ಪಕ್ಕಪಕ್ಕದ ಗೆರೆಗಳ ನಡುವಿನ ಅಂತರ ನೋಡಿ. 2 ಮಿ.ಮೀ.ಗಿಂತ ಕಡಿಮೆ ಇರುವ ಕಡೆ ಎರಡೆಳೆ ದಾರಕ್ಕೆ (ಲಡಿಯ ಆರೆಳೆಯಲ್ಲಿ ಎರಡು) ಜಾಗ ಸಾಲುವುದಿಲ್ಲ, ಹೊಲಿದಾಗ ಒಂದೇ ಗೆರೆಯಾಗಿಬಿಡುತ್ತದೆ. ಅಲ್ಲಿ ಒಂದು ಗೆರೆ ತೆಗೆಯಿರಿ ಇಲ್ಲವೇ ಜೆರಾಕ್ಸಿನಲ್ಲಿ ವಿನ್ಯಾಸ ದೊಡ್ಡದು ಮಾಡಿಸಿ.

ಹಂತ 6: ಈಗ ಬಣ್ಣ, ಈಗ ಅಂಗಡಿ

ಫೋನಿನ ಪರದೆ ನೋಡಿ ದಾರ ಕೊಳ್ಳಬೇಡಿ. ಜಕರಂದಾದ ನೇರಳೆ ಅನೇಕ ಫೋನುಗಳಲ್ಲಿ ನೀಲಿಯಾಗಿ ಕಾಣುತ್ತದೆ. ಗುಲ್‌ಮೊಹರಿನ ಕೆಂಪು ಉರಿದುಬಿಡುತ್ತದೆ. ಆ ದಿನ ಬೆಳಗ್ಗೆ ಬಿದ್ದ ಎಲೆ ಅಥವಾ ಹೂವನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಅಂಗಡಿಗೇ ಒಯ್ಯಿರಿ. ಲಡಿಗಳನ್ನು ಟ್ಯೂಬ್‌ಲೈಟ್ ಕೆಳಗೆ ನೋಡಿ ತೀರ್ಮಾನಿಸದೆ ಬಾಗಿಲ ಬೆಳಕಿಗೆ ತಂದು ಹೂವಿನ ಪಕ್ಕ ಹಿಡಿಯಿರಿ. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಕಡೆಯ ಅಂಗಡಿಗಳಲ್ಲಿ ಶನಿವಾರ ಸಂಜೆ ಈ ನಾಜೂಕೆಲ್ಲ ನಡೆಯುವುದಿಲ್ಲ. ವಾರದ ದಿನ ಬೆಳಗ್ಗೆ ಹೋಗಿ.

ಒಂದು ಎಲೆಗೆ ಮೂರು ಛಾಯೆ ಸಾಕು: ತಿಳಿ, ನಡು, ಗಾಢ. ಮೂರನ್ನೂ ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಮೂರೂ ಒಂದೇ ಬೂದಿಯಾಗಿ ಕಂಡರೆ ಬಟ್ಟೆಯ ಮೇಲೂ ಬೇರೆಬೇರೆ ಕಾಣುವುದಿಲ್ಲ. ಹೊಸಬರು ಕೊಳ್ಳುವ ಹಸಿರುಗಳಲ್ಲಿ ತೊಂದರೆ ಸಾಮಾನ್ಯವಾಗಿ ಇದೇ, ಎಲ್ಲವೂ ನಡುಛಾಯೆ.

ಇಡೀ ವಿನ್ಯಾಸಕ್ಕೆ ಐದು ಬಣ್ಣ ಮೀರಬೇಡಿ. ಐದನೆಯದು ಹೂವಿನಲ್ಲಿ ಎಲ್ಲೋ ಒಂದು ಕಡೆ ಇರುವ ಬಣ್ಣವಾಗಿರಲಿ. ಗುಲಾಬಿ ಟಬೆಬುಯಾ ಹೂವಿನ ಗಂಟಲೊಳಗಿನ ಹಳದಿಯ ಹಾಗೆ.

ಆಂಕರ್, ಡಿಎಂಸಿಯ ಮಾಮೂಲಿ ಹತ್ತಿ ಲಡಿಯಲ್ಲಿ ಆರೆಳೆ ದಾರ, ಉದ್ದ 8 ಮೀಟರ್. ನಂಬರಿರುವ ಕಾಗದ ಎಸೆಯಬೇಡಿ. ಹೆಚ್ಚು ಬೇಕಾಗುವ ಬಣ್ಣದ ಲಡಿಗಳನ್ನು ಒಟ್ಟಿಗೇ ಕೊಳ್ಳಿ. ನಂಬರ್ ಒಂದೇ ಇದ್ದರೂ ಬೇರೆ ಸಲ ಅದ್ದಿದ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಬರಬಹುದು. ಕೆಂಪು, ಕಡುನೀಲಿ, ಮರೂನ್ ದಾರವಾದರೆ ಒಂದು ತುಂಡು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ. ಬಣ್ಣ ಬಿಟ್ಟರೆ ಆ ದಾರ ತಿಳಿ ಬಟ್ಟೆಗೆ ಬೇಡ.

ಹಂತ 7: ಗುಣಕ್ಕೆ ತಕ್ಕ ಹೊಲಿಗೆ

ತಮಗೆ ಬರುವ ಹೊಲಿಗೆಯನ್ನು ಎಲ್ಲದಕ್ಕೂ ಹಾಕುವುದು ಇಲ್ಲಿನ ಮಾಮೂಲಿ ತಪ್ಪು. ಎಸಳೆಂದರೆ ಲೇಜಿ ಡೇಜಿ (ಎಸಳಿನಾಕಾರದ ಕುಣಿಕೆ), ಎಲೆಯೆಂದರೆ ಸ್ಯಾಟಿನ್ (ಜಾಗವನ್ನು ಒತ್ತೊತ್ತಾದ ನೇರ ಹೊಲಿಗೆಗಳಿಂದ ತುಂಬುವುದು). ನೀವು ಬರೆದ ವಾಕ್ಯಕ್ಕೆ ಮತ್ತೆ ಹೋಗಿ, ಅಲ್ಲಿನ ಕ್ರಿಯಾಪದ ಯಾವ ಹೊಲಿಗೆ ಬೇಕೆಂದು ಹೇಳುತ್ತದೆ.

ಚಿಮ್ಮುವುದು, ಹರಡುವುದು ಇದ್ದರೆ ಸ್ಟ್ರೇಟ್ ಸ್ಟಿಚ್. ಮಳೆಮರದ ಹೂವಿಗೆ ಒಂದೆಳೆ ಬಿಳಿಯಲ್ಲಿ ಮೊದಲ ಸುತ್ತು, ಅದರ ಸಂದುಗಳಲ್ಲಿ ತುಸು ಉದ್ದಕ್ಕೆ ಗುಲಾಬಿಯಲ್ಲಿ ಎರಡನೇ ಸುತ್ತು. ಎಲ್ಲ ಗೆರೆಯೂ ಒಂದೇ ತೂತಿಗೆ ಬಂದರೆ ಬಟ್ಟೆ ಹರಿಯುತ್ತದೆ, ನಡುವೆ ಚಿಕ್ಕ ವೃತ್ತ ಬಿಡಿ.

ಬಳುಕುವ ಕಡ್ಡಿ, ಬಳ್ಳಿಗೆ ಸ್ಟೆಮ್ ಸ್ಟಿಚ್ (ಒಂದಕ್ಕೊಂದು ಒರಗಿ ಹಗ್ಗದಂತೆ ಸಾಗುವ ಹೊಲಿಗೆ). ತಿರುವಿನಲ್ಲಿ ಹೊಲಿಗೆ ಗಿಡ್ಡವಾಗಬೇಕು, ಇಲ್ಲದಿದ್ದರೆ ಬಳ್ಳಿ ಮುರಿದಂತೆ ಕಾಣುತ್ತದೆ. ನಡುನರದಿಂದ ಎರಡೂ ಕಡೆ ಇಳಿಯುವ ಎಲೆಗೆ ಫಿಶ್‌ಬೋನ್ (ಎರಡೂ ಅಂಚಿನಿಂದ ಓರೆಯಾಗಿ ಬಂದು ನಡುವೆ ಕೂಡುವ ಹೊಲಿಗೆ). ಗುಲ್‌ಮೊಹರ್, ಜಕರಂದಾದ ಜರಿಯಂಥ ಎಲೆಗೆ ಫ್ಲೈ ಸ್ಟಿಚ್ (ಇಂಗ್ಲಿಷ್ ವಿ ಆಕಾರದ್ದು) ಅಥವಾ ಫೆದರ್ ಸ್ಟಿಚ್ (ಎಡಕ್ಕೆ ಬಲಕ್ಕೆ ಕವಲಾಗುತ್ತ ಹೋಗುವುದು). ಒಂದೊಂದು ಚಿಕ್ಕ ಎಲೆಯನ್ನೂ ಹೊಲಿಯಲು ಹೊರಟವರು ಆ ರಿಂಗನ್ನು ಬೀರುವಿನಲ್ಲಿ ಇಟ್ಟು ಮರೆಯುತ್ತಾರೆ. ಬಣ್ಣದಿಂದ ಬಣ್ಣಕ್ಕೆ ಜಾರುವ ಎಸಳಿಗೆ ಲಾಂಗ್ ಅಂಡ್ ಶಾರ್ಟ್ (ಉದ್ದ, ಗಿಡ್ಡ ಹೊಲಿಗೆ ಬೆರೆಸುವುದು), ಒಂದೇ ಎಳೆಯಲ್ಲಿ. ಪಾಚಿಗೆ ಫ್ರೆಂಚ್ ನಾಟನ್ನು ಒಂದೆಳೆ, ಎರಡೆಳೆ, ಮೂರೆಳೆ ಬೆರೆಸಿ ಒತ್ತೊತ್ತಾಗಿ. ತೊಗಟೆಗೆ ಕೌಚಿಂಗ್ (ಬಟ್ಟೆಯ ಮೇಲೆ ಮಲಗಿಸಿದ ದಾರವನ್ನು ಇನ್ನೊಂದು ದಾರದಿಂದ ಅಲ್ಲಲ್ಲಿ ಕಟ್ಟುವುದು). ಸ್ಯಾಟಿನ್ ಹಾಕುವುದಾದರೆ ಒಂದು ಹೊಲಿಗೆ 1 ಸೆಂ.ಮೀ. ಮೀರದಿರಲಿ. ಅದಕ್ಕಿಂತ ಅಗಲದ ಜಾಗವನ್ನು ನಡುವೆ ಸೀಳಿ ಎರಡು ಭಾಗ ಮಾಡಿ.

ಹಂತ 8: ಕಸೂತಿಯಲ್ಲಿ ಮಾಡುವುದಾದರೆ

ಧಾರವಾಡದ ಕಡೆಯ ಕಸೂತಿ ಹಾಕುವವರಿಗೆ ದಾರಿ ಇಲ್ಲಿ ಕವಲೊಡೆಯುತ್ತದೆ. ಕಸೂತಿ ಬಟ್ಟೆಯ ಎಳೆ ಎಣಿಸಿ ಹಾಕುವಂಥದ್ದು, ಬಟ್ಟೆಯ ಮೇಲೆ ಚಿತ್ರ ಇಳಿಸುವಂತಿಲ್ಲ. ಮೂರನೇ ಕರಡನ್ನು ಗ್ರಾಫ್ ಹಾಳೆಗೆ ತನ್ನಿ: ಅಡ್ಡ, ಉದ್ದ, ಓರೆ, ಈ ಮೂರು ಬಗೆಯ ಗೆರೆ ಮಾತ್ರ. ಎಲ್ಲವೂ ಇದಕ್ಕೆ ಒಗ್ಗುವುದಿಲ್ಲ. ದಾಸವಾಳ ಒಗ್ಗದು. ಹೊಂಗೆಯ ಜೋಡಿ ಎಲೆ ಒಗ್ಗುತ್ತದೆ.

ಎಲ್ಲಕ್ಕಿಂತ ಚೆನ್ನಾಗಿ ಒಗ್ಗುವುದು ಒಂದು ಜೇಡ. ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆ ಏರಿಯ ಪೊದೆಗಳಲ್ಲಿ ದುಂಡನೆಯ ಬಲೆ ಕಟ್ಟಿ, ಅದರ ನಡುವೆ ಬಿಳಿ ರೇಷ್ಮೆಯಲ್ಲಿ ಅಂಕುಡೊಂಕಾದ ಪಟ್ಟಿಗಳನ್ನು ಹಾಕುತ್ತದೆ. ಸಿಗ್ನೇಚರ್ ಸ್ಪೈಡರ್ ಎಂದು ಇದನ್ನು ಕರೆಯುವುದುಂಟು. ಜೇಡ ಎರಡೆರಡು ಕಾಲು ಜೋಡಿಸಿ ಗುಣಾಕಾರ ಚಿಹ್ನೆಯ ಹಾಗೆ ಕೂತಿರುತ್ತದೆ, ಪಟ್ಟಿಗಳು ಆ ಕಾಲುಗಳ ನೇರಕ್ಕೇ ಹೊರಟಿರುತ್ತವೆ. ಆ ಪಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರಗಿ ಹೊಲಿಗೆಗೆ ಅಳೆದು ಕೊಟ್ಟಂತಿದೆ. ಬಲೆಯ ನೇರ ಎಳೆಗಳಿಗೆ ಗವಂತಿ: ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟ ಜಾಗ ತುಂಬಿಸುತ್ತ. ಇವೆರಡೂ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು, ಆದ್ದರಿಂದ ಗಂಟು ಹಾಕುವಂತಿಲ್ಲ. ದಾರ ಹೊರಟ ಜಾಗಕ್ಕೇ ಮರಳುವ ದಾರಿಯನ್ನು ಗ್ರಾಫ್ ಮೇಲೆ ಬಾಣದ ಗುರುತಿಟ್ಟು ಮೊದಲೇ ಬರೆದುಕೊಳ್ಳಿ. ದಟ್ಟವಾಗಿ ತುಂಬುವ ಜಾಗಕ್ಕೆ ನೇಗಿ (ನೇಯ್ದಂತೆ ಕಾಣುವ ಹೊಲಿಗೆ), ಚುಕ್ಕಿಗಳಿಗೆ ಮೆಂತೆ (ಅಡ್ಡಡ್ಡ ದಾಟುವ ಕ್ರಾಸ್ ಹೊಲಿಗೆ). ಕಲಿಯುವವರಿಗೆ ಮ್ಯಾಟಿ ಬಟ್ಟೆ ಸುಲಭ, ಎಳೆ ಕಣ್ಣಿಗೆ ಕಾಣುತ್ತವೆ.

ಹಂತ 9: ತುಂಡು ಬಟ್ಟೆಯ ಮೇಲೆ ಒಂದು ಎಲೆ

ವಿನ್ಯಾಸದ ಅತಿ ಕಷ್ಟದ ಭಾಗವನ್ನೇ ಆರಿಸಿ ತುಂಡು ಬಟ್ಟೆಯ ಮೇಲೆ ಹೊಲಿಯಿರಿ. ಅದನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಬಟ್ಟೆ ನೆರಿಗೆಗಟ್ಟಿದರೆ ದಾರವನ್ನು ಬಿಗಿಯಾಗಿ ಎಳೆಯುತ್ತಿದ್ದೀರಿ. ಹೊಲಿಗೆಗಳ ನಡುವೆ ಬಟ್ಟೆ ಕಂಡರೆ ಎಳೆ ಸಾಲದು. ಉಬ್ಬಿ ಒರಟಾದರೆ ಎಳೆ ಹೆಚ್ಚು. ದಾರ ಸವೆದು ಜುಂಗು ಎದ್ದರೆ ಉದ್ದ ಹೆಚ್ಚಾಯಿತು. ಮೊಣಕೈಯಿಂದ ನಡುಬೆರಳ ತುದಿವರೆಗಿನ ಒಂದು ಮೊಳ ದಾಟಬೇಡಿ.

ಹಂತ 10: ಬಟ್ಟೆಗೆ ಇಳಿಸಿ

ತಿಳಿ ಬಟ್ಟೆಯಾದರೆ ಹಗಲು ಹೊತ್ತು ಕಿಟಕಿ ಗಾಜಿಗೆ ಕರಡು ಅಂಟಿಸಿ, ಮೇಲೆ ಬಟ್ಟೆ ಹಿಡಿದು ನೇರವಾಗಿ ಬರೆಯಬಹುದು. ಗಾಢ ಬಟ್ಟೆಗೆ ಬಿಳಿ ಅಥವಾ ಹಳದಿ ಕಾರ್ಬನ್. ಆಫೀಸಿನ ಕರಿ ಕಾರ್ಬನ್ ಬಟ್ಟೆಯಿಂದ ಪೂರ್ತಿ ಹೋಗುವುದಿಲ್ಲ, ಅದನ್ನು ಮುಟ್ಟಬೇಡಿ.

ಪೆನ್ನಿನ ವಿಷಯದಲ್ಲಿ ಎಚ್ಚರ. ನೀರಿಗೆ ಅಳಿಯುವ ಪೆನ್ನಿನ ಗೆರೆಗೆ ನೀರು ಮುಟ್ಟಿಸುವ ಮೊದಲೇ ಇಸ್ತ್ರಿ ತಾಗಿದರೆ ಗೆರೆ ಕೂತುಬಿಡುತ್ತದೆ. ಇಸ್ತ್ರಿ ಶಾಖಕ್ಕೆ ಮಾಯವಾಗುವ ಪೆನ್ನಿನದು ತದ್ವಿರುದ್ಧ ಸ್ವಭಾವ: ಗೆರೆ ನಿಜವಾಗಿ ಹೋಗಿರುವುದಿಲ್ಲ, ತೀರ ಚಳಿ ತಾಗಿದರೆ ಮರಳುತ್ತದೆ. ಬೆಂಗಳೂರಿನ ಚಳಿಗೆ ಏನೂ ಆಗದು, ಆದರೆ ಅಮೆರಿಕದಲ್ಲಿರುವ ಮಗಳಿಗೆ ಜನವರಿಯಲ್ಲಿ ಕಳಿಸುವ ಕುಶನ್ ಕವರಿಗೆ ಈ ಪೆನ್ನು ಬೇಡ. ಎರಡು ಬಗೆಯ ಪೆನ್ನನ್ನು ಒಂದೇ ಬಟ್ಟೆಯಲ್ಲಂತೂ ಬೆರೆಸಲೇಬೇಡಿ.

ಇಳಿಸುವಾಗ ಬಟ್ಟೆಯ ಎಳೆಗಳ ನೇರ ನೋಡಿಕೊಳ್ಳಿ. ಕಡ್ಡಿ ಓರೆಯಾಗಿ ಬೀಳುವುದು ವಿನ್ಯಾಸವಾಗಬಹುದು, ಬಟ್ಟೆ ಓರೆಯಾಗುವುದು ತಪ್ಪೇ.

ಹಂತ 11: ಹೊಲಿಯುವ ಕ್ರಮ, ಕೊನೆಯ ಕೆಲಸ

ಹಿಂದಿರುವುದು ಮೊದಲು, ಮುಂದಿರುವುದು ಆಮೇಲೆ. ಕಡ್ಡಿ, ಕಡ್ಡಿಯ ಹಿಂದಿನ ಎಲೆ, ಮುಂದಿನ ಎಲೆ, ಹೂವು, ಕಟ್ಟಕಡೆಗೆ ಗಂಟಿನ ಹೊಲಿಗೆಗಳು. ಫ್ರೆಂಚ್ ನಾಟ್ ಮೊದಲೇ ಹಾಕಿದರೆ ರಿಂಗ್ ಜರುಗಿಸಿದಾಗ ನಜ್ಜಾಗುತ್ತವೆ. ಕೆಲಸ ನಿಲ್ಲಿಸಿದಾಗಲೆಲ್ಲ ಬಟ್ಟೆಯನ್ನು ರಿಂಗಿನಿಂದ ಬಿಡಿಸಿ, ದಿನಗಟ್ಟಲೆ ಬಿಟ್ಟರೆ ದುಂಡು ಗುರುತು ಉಳಿದು ಕೊಳೆ ಕೂರುತ್ತದೆ.

ನಡುವೆ ಕೆಲವು ಸೂಚನೆಗಳಿಗೆ ಕೈ ನಿಲ್ಲಿಸಬೇಕು. ಕರಡಿನಲ್ಲಿಲ್ಲದ ಎಲೆ ಸೇರಿಸುವ ಮನಸ್ಸಾದರೆ, ಖಾಲಿ ಜಾಗ ಚುಚ್ಚತೊಡಗಿದೆ ಎಂದರ್ಥ. ಒಂದು ದಿನ ಬಿಟ್ಟು ನೋಡಿ. ಪ್ರತಿ ಹೊಲಿಗೆಗೂ ಫೋನ್ ತೆಗೆದು ಫೋಟೊ ನೋಡುತ್ತಿದ್ದರೆ ಐದನೇ ಹಂತ ಮುಗಿದಿಲ್ಲ. ಬಟರ್ ಪೇಪರ್ ಮತ್ತೆ ಹೊರಗೆ ತೆಗೆಯಿರಿ. ಹೂವು ಚಪ್ಪಟೆ ಅನಿಸಿದರೆ ದಾರ ಬದಲಿಸುವ ಮೊದಲು ಹೊಲಿಗೆಯ ದಿಕ್ಕು ನೋಡಿ. ಎಸಳಿನ ಹೊಲಿಗೆಗಳು ಅಂಚಿನಿಂದ ಹೂವಿನ ಗಂಟಲ ಕಡೆ ಇಳಿಯಬೇಕು, ಅಡ್ಡ ಹೋಗಿದ್ದರೆ ಆ ಒಂದೆಸಳು ಬಿಚ್ಚುವುದೇ ಒಳ್ಳೆಯದು.

ಮುಗಿದ ಮೇಲೆ ಹಿಂಬದಿಯ ದಾರಗಳನ್ನು ಹೊಲಿಗೆಯಡಿ ಸೇರಿಸಿ ಕತ್ತರಿಸಿ. ತಣ್ಣೀರಿನಲ್ಲಿ ಸೌಮ್ಯವಾದ ಸೋಪಿನಲ್ಲಿ ಅದ್ದಿ ತೆಗೆಯಿರಿ, ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ. ಸ್ವಲ್ಪ ಹಸಿ ಇರುವಾಗಲೇ ದಪ್ಪ ಟವೆಲಿನ ಮೇಲೆ ಮುಖ ಕೆಳಗೆ ಮಾಡಿ ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಗಂಟುಗಳು ಟವೆಲಿನೊಳಗೆ ಕೂತು ನಜ್ಜಾಗುವುದಿಲ್ಲ. ಉಳಿದ ದಾರವನ್ನು ನಂಬರ್ ಸಮೇತ ಆ ಮೂರನೇ ಕರಡಿಗೇ ಪಿನ್ ಮಾಡಿಡಿ. ತೋಳಿನ ಒಂದು ಎಲೆ ಕಿತ್ತುಬಂದ ದಿನ ಬೇಕಾಗುವುದು ಅದೇ.